ಹೊಕ್ಕುಳ ಮೇಲಿನ ಅಳತೆ

ಜೂನ್ 2, ಸೋಮವಾರ

…ಆದ್ದರಿಂದ ತಪ್ಪು ನನ್ನದಲ್ಲ, ಲಿವರಿನದ್ದು. ಛೆ, ಇಲ್ಲ, ಕ್ಷಮಿಸಪ್ಪ, ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಇದು ಮೂರನೆಯ ಸಲ. ಮೊದಲನೆಯ ಸಲ ಹೊಲಿಗೆ ಮೆಷಿನ್ ಓಡುತ್ತಿತ್ತು, ಆಮೇಲೆ ಕೇಳಿದರೆ ನನಗಿಂತ ಅದೇ ಜೋರಾಗಿ ಮಾತಾಡಿದೆ. ಎರಡನೆಯ ಸಲ ರೆಕಾರ್ಡ್ ಒತ್ತುವುದನ್ನೇ ಮರೆತು ಗಾಳಿಗೆ ಭಾಷಣ ಮಾಡಿದೆ.

ಈಗ ಅಂಗಡಿಯ ಟ್ರಯಲ್ ರೂಮಿನಲ್ಲಿ ಪರದೆ ಎಳೆದುಕೊಂಡು ಕೂತಿದ್ದೇನೆ. ಎದುರಿಗೆ ಆಳೆತ್ತರದ ಕನ್ನಡಿ. ಅದರಲ್ಲಿ ಐವತ್ತು ವರ್ಷದ ದಪ್ಪ ಮನುಷ್ಯನೊಬ್ಬ ಫೋನನ್ನು ಬಾಯಿಗೆ ಹಿಡಿದು ಕೂತಿದ್ದಾನೆ. ಇದು ಆಸ್ಪತ್ರೆಯ ಪಥ್ಯದ ಮೇಡಂ ಕೊಟ್ಟ ಕೆಲಸ. ತಿಂದದ್ದನ್ನು, ಮನಸ್ಸಿಗೆ ಬಂದದ್ದನ್ನು ದಿನಾ ಬರೆಯಿರಿ ಎಂದರು. ಬರೆಯಲು ಬೇಜಾರು ಎಂದೆ. ಹಾಗಾದರೆ ಫೋನಿನಲ್ಲಿ ಮಾತಾಡಿಟ್ಟುಕೊಳ್ಳಿ, ಯಾರೂ ಕೇಳುವುದಿಲ್ಲ ಎಂದರು. ಯಾರೂ ಕೇಳದ ಕಡೆ ಮಾತಾಡುವುದು ನನಗೆ ಹೊಸದಲ್ಲ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾಯಿತು.

ವಿಷಯ ಇಷ್ಟು. ಅಕ್ಕನ ಲಿವರ್ ಕೆಟ್ಟಿದೆ. ಯಕೃತ್ತು ಎಂದು ಶುದ್ಧವಾಗಿ ಹೇಳೋಣವೆಂದರೆ ಯಾರೋ ಕೆಮ್ಮಿದ ಹಾಗೆ ಕೇಳಿಸುತ್ತದೆ, ಲಿವರ್ ಎಂದೇ ಇರಲಿ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವಳಲ್ಲ, ಕೆಮ್ಮಿನ ಔಷಧಿಯನ್ನೂ ಅನುಮಾನದಿಂದ ನೋಡುವವಳು. ಆದರೂ ವರ್ಷಗಟ್ಟಲೆ ಲಿವರಿನೊಳಗೆ ಕೊಬ್ಬು ತುಂಬಿ, ಅದರಿಂದ ಗಾಯವಾಗಿ, ಗಾಯ ಮಾಗಿ ಮಾಗಿ ಈಗ ಲಿವರೇ ಗಟ್ಟಿಯಾಗಿ ಮುದುರಿಕೊಂಡಿದೆಯಂತೆ. ಸಕ್ಕರೆ ಕಾಯಿಲೆ ಮೊದಲಿಂದಲೂ ಇತ್ತು, ಹೊಟ್ಟೆ ಇತ್ತು, ನೋವು ಮಾತ್ರ ಇರಲಿಲ್ಲ. ನೋವಿಲ್ಲದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಾಯಿಲೆ ಎನ್ನುವುದಿಲ್ಲ. ಈಗ ಉಳಿದಿರುವುದು ಒಂದೇ ದಾರಿ: ಮನೆಯವರು ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಡಬೇಕು. ಭಾವನ ರಕ್ತದ ಗುಂಪು ಹೊಂದಲಿಲ್ಲ. ಅಕ್ಕನ ಮಗಳು ಈಗತಾನೇ ಹೆತ್ತಿದ್ದಾಳೆ. ಡಾಕ್ಟರ ಕೋಣೆಯಲ್ಲಿ ಎಲ್ಲರೂ ನೆಲ ನೋಡುತ್ತಿದ್ದಾಗ ನಾನು ಕೈ ಎತ್ತಿದೆ. ನಿಜವಾಗಿಯೂ ಎತ್ತಿದೆ, ಮಕ್ಕಳು ಶಾಲೆಯಲ್ಲಿ ಎತ್ತುತ್ತಾರಲ್ಲ, ಹಾಗೆ. ಶಾಲೆಯಲ್ಲಿದ್ದಾಗ ಒಂದು ದಿನವೂ ಎತ್ತಿರಲಿಲ್ಲ.

ಇವತ್ತು ನನ್ನ ಸ್ಕ್ಯಾನಿನ ಫಲಿತಾಂಶ ಬಂತು. ರಕ್ತದ ಗುಂಪು ಹೊಂದುತ್ತದೆ. ಲಿವರಿನಲ್ಲಿ ಮಾತ್ರ ನೂರಕ್ಕೆ ಇಪ್ಪತ್ತಾರು ಪಾಲು ಕೊಬ್ಬು.

"ಈ ಸ್ಥಿತೀಲಿ ತಗೊಳ್ಳೋಕಾಗಲ್ಲ," ಎಂದರು ಡಾಕ್ಟರು. "ನಿಮಗೂ ಅಪಾಯ, ಅವರಿಗೂ ಅಪಾಯ. ಮೂರು ತಿಂಗಳು ಪ್ರಯತ್ನ ಮಾಡಿ. ಅಲ್ಲೀವರೆಗೂ ಅಕ್ಕನ್ನ ನಾವು ಹೇಗಾದ್ರೂ ನೋಡ್ಕೋತೀವಿ."

ಅಂದರೆ ಅಕ್ಕನಿಗೆ ನಾನು ಕೊಡಲು ಹೊರಟಿದ್ದು ಅವಳ ಕಾಯಿಲೆಯನ್ನೇ, ಸ್ವಲ್ಪ ಎಳೆಯದಾಗಿರುವಾಗ.

ಹೊರಗೆ ಬಂದು ಆಸ್ಪತ್ರೆಯ ಗೇಟಿನ ಪಕ್ಕ ಟೀ ಕುಡಿದೆ. ಸಕ್ಕರೆ ಎರಡು ಚಮಚ, ಜೊತೆಗೊಂದು ಸಿಹಿ ಬನ್ನು. ದುಃಖದಲ್ಲಿದ್ದೆ, ಆದರೂ ಅಷ್ಟು ರುಚಿಯಾದ ಟೀ ಕುಡಿದು ವರ್ಷಗಳಾಗಿದ್ದವು. ಹೆಗಲಿನಿಂದ ಯಾರೋ ಮೂಟೆ ಇಳಿಸಿದ ಹಾಗಿತ್ತು. ರಕ್ತ ಕೊಡಲೆಂದು ಬೆಳಿಗ್ಗೆಯಿಂದ ಉಪವಾಸವಿದ್ದೆನಲ್ಲ, ಅದಕ್ಕಿರಬೇಕು.

ಜೂನ್ 4, ಬುಧವಾರ

ಪಥ್ಯದ ಮೇಡಂ ಜೊತೆ ಜಗಳವಾಯಿತು. ಸೊಂಟ ಎಷ್ಟು ಎಂದು ಕೇಳಿದರು. ಮೂವತ್ತನಾಲ್ಕು ಎಂದೆ, ಗತ್ತಿನಿಂದಲೇ. ಹತ್ತು ವರ್ಷದಿಂದ ಅದೇ ಮೂವತ್ತನಾಲ್ಕು, ಒಂದು ನೂಲು ಆಚೆ ಈಚೆ ಆಗಿಲ್ಲ. ಆಯಮ್ಮ ಟೇಪು ತೆಗೆದು ನೇರವಾಗಿ ನನ್ನ ಹೊಕ್ಕುಳ ಮೇಲೆ ಸುತ್ತಲು ಬಂದರು. ನಾನು ಕೈ ಅಡ್ಡ ಹಿಡಿದೆ.

"ಅಲ್ಲಲ್ಲಮ್ಮ, ಇನ್ನೂ ಕೆಳಗೆ. ಸೊಂಟ ಎಲ್ಲಿರುತ್ತೆ ಅಂತ ದರ್ಜಿಗೇ ಹೇಳಿಕೊಡ್ತೀರಾ?"

"ನೀವು ಅಳೆಯೋದು ಪ್ಯಾಂಟ್ ನಿಲ್ಲೋ ಜಾಗ ಸಾರ್. ನಾನು ಅಳೀತಿರೋದು ಹೊಟ್ಟೆ."

ನಲವತ್ತೊಂದು.

ಮನೆಗೆ ಬರುವವರೆಗೂ ಯೋಚಿಸಿದೆ. ಇದು ಎಂಥ ದರ್ಜಿಯೂ ಮಾಡುವ ತಪ್ಪೇ, ತಪ್ಪೆಂದು ಮಾತ್ರ ಯಾರೂ ಅನ್ನುವುದಿಲ್ಲ. ಗಿರಾಕಿಯ ಹೊಟ್ಟೆ ಬೆಳೆದ ಹಾಗೆ ಪ್ಯಾಂಟಿನ ಪಟ್ಟಿ ಕೆಳಕೆಳಗೆ ಇಳಿಯುತ್ತದೆ. ಹೊಟ್ಟೆ ಬೆಲ್ಟಿನ ಮೇಲೆ ಬಾಲ್ಕನಿಯ ಹಾಗೆ ಮುಂದೆ ಬರುತ್ತದೆ. ಟೇಪು ಬಾಲ್ಕನಿಯ ಕೆಳಗೆ ಓಡಾಡುತ್ತದೆ. ನಂಬರು ಬದಲಾಗುವುದೇ ಇಲ್ಲ. "ನಿಮ್ದು ಹಳೇ ಸೈಜೇ ಸಾರ್" ಎನ್ನುತ್ತೇವೆ, ಅವರ ಮುಖ ಅರಳುತ್ತದೆ, ಇನ್ನೊಂದು ಜೊತೆ ಹೊಲಿಸುತ್ತಾರೆ. ಈ ಮಾತನ್ನು ನಾನು ಊರಿಗೆಲ್ಲ ಹೇಳಿದ್ದೇನೆ. ನನಗೆ ಹೇಳುವವರು ಯಾರೂ ಇರಲಿಲ್ಲವಾದ್ದರಿಂದ ನಾನೇ ಹೇಳಿಕೊಂಡೆ.

ಮೇಡಂ ಇನ್ನೂ ನಾಲ್ಕು ಅಳತೆ ಹೇಳಿದರು. ಹಸಿದ ಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್ ಎನ್ನುವ ರಕ್ತದ ಕೊಬ್ಬು, ಒಳ್ಳೆಯ ಕೊಲೆಸ್ಟ್ರಾಲ್, ಬಿಪಿ. ಹೊಟ್ಟೆಯ ಸುತ್ತಳತೆಯೂ ಸೇರಿ ಐದು. ಐದರಲ್ಲಿ ಮೂರು ಹದ ತಪ್ಪಿದರೆ ಲಿವರಿನಲ್ಲಿ ಕೊಬ್ಬು ಕೂರುವ ಸಾಧ್ಯತೆ ಬಹಳವಂತೆ. ನನ್ನದು ನಾಲ್ಕು ತಪ್ಪಿದೆ. ಒಳ್ಳೆಯ ಕೊಲೆಸ್ಟ್ರಾಲ್ ಜಾಸ್ತಿ ಇರಬೇಕಂತೆ, ನನ್ನಲ್ಲಿ ಅದೊಂದೇ ಕಡಿಮೆ. ಬಿಪಿ ಮಾತ್ರ ಸರಿಯಾಗಿದೆ. ಮನೆಗೆ ಬಂದು ಅದನ್ನೇ ದೊಡ್ಡದು ಮಾಡಿ ಹೆಂಡತಿಗೆ ಹೇಳಿದೆ.

"ನಿಮಗ್ಯಾಕೆ ಬಿಪಿ ಬರುತ್ತೆ ರೀ," ಎಂದಳು. "ನೀವು ಬೇರೆಯವರಿಗೆ ತರಿಸೋರು."

ಜೂನ್ 13, ಶುಕ್ರವಾರ

ನಾನೊಬ್ಬ ದೊಡ್ಡ ಮನುಷ್ಯನಾಗಿದ್ದೇನೆ. ಹೇಗೆಂದರೆ, ಟೆಸ್ಟಿಗೆ ಹೋಗುವ ಮೊದಲೇ ಒಬ್ಬ ಗಿರಾಕಿಗೆ ಹೇಳಿಬಿಟ್ಟಿದ್ದೆ, ಅಕ್ಕನಿಗೆ ಲಿವರ್ ಕೊಡುತ್ತಿದ್ದೇನೆ ಎಂದು. ಕಾಲಿನ ಉದ್ದ ಅಳೆಯುತ್ತಾ ಮಂಡಿಯೂರಿ ಕೂತಿದ್ದೆ, ಮಾತು ಹಾಗೇ ಬಾಯಿಂದ ಜಾರಿತು. ಆ ಗಿರಾಕಿ ಎದುರಿನ ಬೇಕರಿಯವನಿಗೆ ಹೇಳಿದ. ಬೇಕರಿಯವನಿಗೆ ಹೇಳಿದ ಮೇಲೆ ಪತ್ರಿಕೆಯಲ್ಲಿ ಹಾಕಿಸುವ ಖರ್ಚು ಉಳಿಯಿತು.

ಈಗ ಬೀದಿಯವರೆಲ್ಲ ನನಗೆ ಬಲ ತುಂಬಿಸುತ್ತಿದ್ದಾರೆ. ಬೇಕರಿಯವನು ದಿನಾ ಸಂಜೆ ಬಿಸಿ ಬನ್ನು ಕಳಿಸುತ್ತಾನೆ, ಒಳಗೆ ಬೆಣ್ಣೆ ಸವರಿ. ಔಷಧಿ ಅಂಗಡಿಯಾತ ಹಣ್ಣಿನ ರಸದ ಡಬ್ಬ ತಂದುಕೊಟ್ಟ. ಮೇಲಿನ ಮನೆಯ ಅಜ್ಜಿ ತುಪ್ಪದಲ್ಲಿ ಹುರಿದ ಅದೇನನ್ನೋ ತಟ್ಟೆ ತುಂಬ ತಂದು, ನಾನು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದಳು. "ಕೊಡೋ ಕೈಗೆ ಶಕ್ತಿ ಬೇಕಲ್ಲಪ್ಪ," ಎಂದಳು. ಬೇಡ ಎನ್ನಬೇಕಾದರೆ ಏಕೆ ಬೇಡವೆಂದು ಹೇಳಬೇಕು. ನನ್ನ ಲಿವರ್ ಕೊಬ್ಬಿನಿಂದಲೇ ಫೇಲಾಗಿದೆ ಎಂದು ಹೇಳಬೇಕು. ಆದ್ದರಿಂದ ತಿಂದೆ. ನನ್ನ ತ್ಯಾಗ ಇಲ್ಲಿಯವರೆಗೆ ಇಷ್ಟು: ಎಂಟು ಬನ್ನು, ಎರಡು ಡಬ್ಬ ರಸ, ಒಂದು ತಟ್ಟೆ ತುಪ್ಪ.

ರಸವನ್ನು ಔಷಧಿ ಎಂದುಕೊಂಡೆ. ಔಷಧಿ ಅಂಗಡಿಯಿಂದ ಬಂದದ್ದಲ್ಲವೇ.

ಜೂನ್ 29, ಭಾನುವಾರ

ಅಕ್ಕನ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಹೊಟ್ಟೆ ನೋಡಿದ್ರೆ ನಿನಗೇ ಯಾರಾದ್ರೂ ಕೊಡಬೇಕು ಕಣೋ ಗುಂಡ," ಎಂದಳು. ಹುಟ್ಟಿದಾಗಿನಿಂದ ನಾನು ಅವಳಿಗೆ ಗುಂಡ. ಭಾವ ಜೋರಾಗಿ ನಕ್ಕರು. ಈಗೀಗ ಅವರು ಎಲ್ಲದಕ್ಕೂ ಸ್ವಲ್ಪ ಜಾಸ್ತಿಯೇ ನಗುತ್ತಾರೆ.

ಅವಳ ನಿಲುವಂಗಿ ಬಿಗಿಯಾಗುತ್ತಿದೆಯಂತೆ, ಸಡಿಲ ಮಾಡಿಕೊಡು ಎಂದಳು. ನಾನೇ ಹೊಲಿದದ್ದು. ಟೇಪು ಹಿಡಿದೆ. ಹೊಟ್ಟೆಯ ಹತ್ತಿರ ಐದು ಇಂಚು ಹೆಚ್ಚು ಬೇಕು, ಅದು ಲಿವರ್ ಕೆಟ್ಟು ಹೊಟ್ಟೆಯಲ್ಲಿ ತುಂಬಿಕೊಂಡ ನೀರು. ತೋಳು ಎಷ್ಟು ಸಣ್ಣಗಾಗಿದೆಯೆಂದರೆ, ಸುತ್ತಿದ ಕೂಡಲೇ ಟೇಪಿನ ತುದಿ ತಿರುಗಿ ಬಂದು ನನ್ನ ಬೆರಳಿಗೇ ತಾಗಿತು. ಒಂದೇ ಬಟ್ಟೆಯಲ್ಲಿ ಮಧ್ಯೆ ಬಿಚ್ಚಬೇಕು, ತೋಳಲ್ಲಿ ಹಿಡಿಯಬೇಕು. ಇಷ್ಟು ವರ್ಷದಲ್ಲಿ ಇಂಥ ಆಲ್ಟರೇಷನ್ ನಾನು ಮಾಡಿಲ್ಲ.

ಅಳತೆ ಬಾಯಲ್ಲಿ ಹೇಳುವುದು ನನ್ನ ಅಭ್ಯಾಸ. ಇವತ್ತು ಹೇಳಲಿಲ್ಲ. ಅವಳಿಗೆ ಗೊತ್ತಾಯಿತು.

"ನೀನು ಕೊಡಲೇಬೇಕು ಅಂತೇನಿಲ್ಲ ಕಣೋ," ಎಂದಳು. "ನಿನಗೂ ಹೆಂಡತಿ ಇದ್ದಾಳೆ."

ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ. ಅದಕ್ಕೇ ಉತ್ತರ ಕೊಡಲಾಗಲಿಲ್ಲ.

ಏನು ತಿಂದೆ ಎಂದು ಹೇಳುವುದು ಮರೆತೆ. ಇರಲಿ.

ಜೂನ್ 30, ಸೋಮವಾರ

ಬೇಕರಿಯವನಿಗೆ ಹೇಳಿಬಿಟ್ಟೆ. ನನ್ನ ಲಿವರ್ ಫೇಲು, ನೂರಕ್ಕೆ ಇಪ್ಪತ್ತಾರು, ನಿನ್ನ ಬನ್ನು ಸೇರಿ ಈಗ ಎಷ್ಟೋ ಗೊತ್ತಿಲ್ಲ ಎಂದು. ಅವನ ಮುಖ ಸಪ್ಪಗಾಯಿತು. "ಹಾಗಾದ್ರೆ ಇಷ್ಟು ದಿನ ನಾನೇ ನಿಮ್ಮ ಅಕ್ಕನಿಗೆ ಬನ್ನು ತಿನ್ನಿಸ್ತಿದ್ದೆ ಅನ್ನಿ," ಎಂದ. ಪಾಪ, ಬೆಣ್ಣೆ ಅವನದ್ದು, ಬಾಯಿ ನನ್ನದು.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ಟೀ ಅಂಗಡಿಯವನು ಕೇಳದೆಯೇ ಸಕ್ಕರೆ ಇಲ್ಲದ ಟೀ ಕೊಟ್ಟ. ಹಣ ಮಾತ್ರ ಪೂರ್ತಿ ತೆಗೆದುಕೊಂಡ.

ಜುಲೈ 12, ಶನಿವಾರ

ಬೆಳಿಗ್ಗೆ ಎರಡು ಮೊಟ್ಟೆ, ಹಸಿ ಸೌತೆಕಾಯಿ. ಮಧ್ಯಾಹ್ನ ಬೇಳೆ, ತರಕಾರಿ, ಅನ್ನ ಒಂದು ಬಟ್ಟಲು. ಬಟ್ಟಲನ್ನು ಹೆಂಡತಿ ಆರಿಸಿದ್ದು. ಚಮಚ ಇಟ್ಟರೆ ಆಚೆಗೆ ಬೀಳುತ್ತದೆ, ಅಷ್ಟು ಚಿಕ್ಕದು. ರಾತ್ರಿಗೂ ಅದೇ, ಅನ್ನ ಬಿಟ್ಟು.

ಸಂಜೆ ಅವಳ ಜೊತೆ ನಡೆಯುತ್ತೇನೆ. ನಡೆಯುವಾಗ ಉಸಿರು ಹತ್ತಬೇಕು, ಆದರೆ ಮಾತಾಡಲು ಆಗುತ್ತಿರಬೇಕು ಎಂದು ಮೇಡಂ ಹೇಳಿದ್ದರು. ಹೆಂಡತಿ ವೇಗ ಹೆಚ್ಚಿಸುತ್ತಲೇ ಇದ್ದಾಳೆ. ನನ್ನ ಮಾತು ಇನ್ನೂ ನಿಂತಿಲ್ಲ.

ಅಕ್ಕನ ನಿಲುವಂಗಿ ತಲುಪಿಸಿದೆ.

ಜುಲೈ 24, ಗುರುವಾರ

ಮಧ್ಯದ ಪರೀಕ್ಷೆಗೆ ಹೋಗಿದ್ದೆ. ರಕ್ತದ ಕೊಬ್ಬು ಇಳಿದಿದೆ, ಸಕ್ಕರೆ ಇಳಿದಿದೆ, ಹೊಕ್ಕುಳ ಮೇಲೆ ಮೂವತ್ತೊಂಬತ್ತು. ಲಿವರಿನ ಕೊಬ್ಬು ಹದಿನಾರಕ್ಕೆ ಬಂದಿದೆ. "ಹೀಗೇ ಹೋದ್ರೆ ಮುಂದಿನ ತಿಂಗಳು ಆಗುತ್ತೆ," ಎಂದರು ಮೇಡಂ. ಆಗುತ್ತೆ ಎಂದರೆ ಏನಾಗುತ್ತೆ ಎಂಬುದು ನನಗೆ ಅವತ್ತಿನವರೆಗೂ, ಅಂದರೆ ಇವತ್ತಿನವರೆಗೂ, ಸರಿಯಾಗಿ ತಲೆಗೆ ಹೋಗಿರಲಿಲ್ಲ.

ಆಮೇಲೆ ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು. ಇವರು ಅಕ್ಕನ ಕಡೆಯವರಲ್ಲ, ಕೊಡುವವರ ಪರವಾಗಿ ನೋಡುವುದಕ್ಕೆಂದೇ ಇರುವವರು. ಹೊಟ್ಟೆ ಎಲ್ಲಿಂದ ಎಲ್ಲಿಗೆ ಕೊಯ್ಯುತ್ತಾರೆ ಎಂದು ಕಾಗದದ ಮೇಲೆ ಗೆರೆ ಹಾಕಿ ತೋರಿಸಿದರು. ಅರ್ಧಕ್ಕಿಂತ ಹೆಚ್ಚೇ ತೆಗೆಯುತ್ತಾರೆ, ಉಳಿದದ್ದು ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ರಕ್ತ ಹೋಗಬಹುದು, ಸೋಂಕಾಗಬಹುದು, ಬಹಳ ಅಪರೂಪಕ್ಕೆ ಕೊಟ್ಟವರೇ ಉಳಿಯದಿರಬಹುದು. ನಾನು ಕೇಳಿದ್ದು ಒಂದೇ ಪ್ರಶ್ನೆ: ಹೊಲಿಗೆ ಒಳಗಿಂದ ಹಾಕುತ್ತೀರೋ ಮೇಲಿಂದಲೋ. ಅವರು ನಕ್ಕರು. ನಗಿಸಿದವನು ಗೆರೆ ಹಾಕಿದ ಆ ಕಾಗದವನ್ನು ಮೆಲ್ಲಗೆ ಬೋರಲಾಗಿಟ್ಟ.

ಆಮೇಲೆ ಬಾಗಿಲು ಹಾಕಿ ಬಂದು ಹೇಳಿದರು: "ಯಾವಾಗ ಬೇಕಾದ್ರೂ ಬೇಡ ಅನ್ನಬಹುದು. ಕಾರಣ ಹೇಳಬೇಕಾಗಿಲ್ಲ. ಮನೆಯವರಿಗೆ ನಾವು 'ಇವರದ್ದು ಹೊಂದಲ್ಲ' ಅಂತಷ್ಟೇ ಹೇಳ್ತೀವಿ. ನಿಮ್ಮ ಅಕ್ಕನಿಗೂ ಅಷ್ಟೇ."

ಇದು ಅವರ ಪದ್ಧತಿಯಂತೆ. ಯಾರ ಮೇಲೂ ಒತ್ತಾಯ ಬೀಳಬಾರದು ಎಂದು. ಬಹಳ ಒಳ್ಳೆಯ ಪದ್ಧತಿ. ಎಷ್ಟು ಒಳ್ಳೆಯದೆಂದರೆ, ಮನೆಗೆ ಬಂದು ಹೆಂಡತಿಗೆ ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳಿದೆ.

ಜುಲೈ 28, ಸೋಮವಾರ

ನಿನ್ನೆ ಒಬ್ಬ ಹಳೆಯ ಗಿರಾಕಿ ನಿವೃತ್ತಿಯ ಊಟಕ್ಕೆ ಕರೆದಿದ್ದರು. ಅವರ ಸೂಟು ನಾನೇ ಹೊಲಿದದ್ದು, ಅದು ಹೇಗೆ ಕೂತಿದೆ ನೋಡಲು ಹೋದೆ. ಸೂಟು ಚೆನ್ನಾಗಿ ಕೂತಿತ್ತು. ನಾನೂ ಚೆನ್ನಾಗಿ ಕೂತೆ. ಕರಿದದ್ದು, ಸಿಹಿ, ಮತ್ತೆ ಕರಿದದ್ದು, ಕೇಕಿನ ಮೂರು ತುಂಡು. ಬಡಿಸುವವನು ನನ್ನನ್ನು ಕಂಡರೆ ದಾರಿ ಬದಲಿಸುವಷ್ಟು ತಿಂದೆ. ಒಂದು ತಿಂಗಳ ಹಸಿವು, ಒಂದೇ ಸಲ ನುಗ್ಗಿತು.

ಹೆಂಡತಿಯೂ ಜೊತೆಗಿದ್ದಳು, ಎಲ್ಲ ನೋಡಿದಳು. ಇವತ್ತು ಬೆಳಿಗ್ಗೆ ಮೊಟ್ಟೆ ಸುಲಿಯುತ್ತಾ ಕೇಳಿದಳು.

"ಡಾಕ್ಟರು ಇನ್ನೇನು ಹೇಳಿದ್ರು?"

"ಏನಿಲ್ಲ. ಯಾಕೆ?"

"ಗುರುವಾರದಿಂದ ನೀವು ಹೀಗಾಡ್ತಿದ್ದೀರಿ."

ಹೇಳಿದೆ. ಬೇಡ ಅಂದರೆ ಯಾರಿಗೂ ಗೊತ್ತಾಗುವುದಿಲ್ಲವಂತೆ, ಎಂದೆ. ಅವಳು ಮೊಟ್ಟೆಯನ್ನು ನನ್ನ ತಟ್ಟೆಯಲ್ಲಿಟ್ಟಳು.

"ನೀವು ಬೇಡ ಅಂದ್ರೆ ನನಗೆ ಸಮಾಧಾನಾನೇ ಆಗುತ್ತೆ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಭಯ ಆದ್ರೆ ಭಯ ಅನ್ನಿ. ಹಸಿವು ಅನ್ನಬೇಡಿ. ಅಲ್ಲಿ ಒಬ್ಬರು ಕಾಯ್ತಾ ಇದ್ದಾರೆ."

ಅವಳಿಗೆ ಏನೋ ತಪ್ಪು ಕಲ್ಪನೆ. ನಿನ್ನೆ ನಿಜವಾಗಿಯೂ ಹಸಿವಾಗಿತ್ತು.

ಮೊದಲ ತುಂಡು ಕೇಕಿನವರೆಗೆ ಹಸಿವಾಗಿತ್ತು.

ಆಗಸ್ಟ್ 9, ಶನಿವಾರ

ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ಲಿವರ್ ಸೋಸಿ ಹೊರಹಾಕಬೇಕಾದ ವಿಷ ತಲೆಗೆ ಹೋಗಿದೆಯಂತೆ. ನಾನು ಮಂಚದ ಪಕ್ಕ ನಿಂತಾಗ, "ಯಾರು ನೀವು, ಯಾರು ಬೇಕಾಗಿತ್ತು?" ಎಂದು ಕೇಳಿದಳು. ಬಹಳ ಮರ್ಯಾದೆಯಿಂದ ಕೇಳಿದಳು. ಅವಳು ನನಗೆ ಎಂದೂ ಮರ್ಯಾದೆ ಕೊಟ್ಟಿರಲಿಲ್ಲ.

ಭಾವ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಗಲಿಲ್ಲ. ನಾನೂ ಪಕ್ಕದಲ್ಲಿ ಕೂತೆ.

ಆಗಸ್ಟ್ 11, ಸೋಮವಾರ

ಅಕ್ಕ ಸರಿಹೋಗಿದ್ದಾಳೆ. ಗುಂಡ ಎಂದಳು. ಊಟದ ವಿವರ ನಾಳೆ. ಎಲ್ಲ ಬಟ್ಟಲಿನಲ್ಲೇ ಇದೆ.

ಆಗಸ್ಟ್ 19, ಮಂಗಳವಾರ

ಪ್ಯಾಂಟು ಜಾರುತ್ತಿದೆ. ಟೇಪು ಹಿಡಿದು ಮಂಡಿಯೂರಿದ್ದಾಗ ಗಿರಾಕಿಯ ಮುಂದೆಯೇ ಜಾರಿತು. ಊರಿಗೆಲ್ಲ ಪ್ಯಾಂಟು ಸರಿಮಾಡಿ ಕೊಡುವವನಿಗೆ ತನ್ನದನ್ನು ಹಿಡಿಯಲು ಪುರುಸೊತ್ತಿಲ್ಲ, ದಾರ ಕಟ್ಟಿಕೊಂಡಿದ್ದೇನೆ. ಸಣ್ಣಗಾದಿರಲ್ಲ, ಲಿವರ್ ಯಾವಾಗ ಕೊಡುತ್ತೀರಿ ಎಂದು ಆತ ಕೇಳಿದ. ನಾನು ಗುಂಡಿ, ಕಾಜಾದ ವಿಷಯ ತೆಗೆದೆ.

ಆಗಸ್ಟ್ 28, ಗುರುವಾರ

ಎಂಟು. ನೂರಕ್ಕೆ ಎಂಟು. ಪಥ್ಯದ ಮೇಡಂ ಎರಡು ಸಲ ಓದಿ ಹೇಳಿದರು. ಹೊಟ್ಟೆ ಮೂವತ್ತೇಳು. ಐದು ಅಳತೆಯಲ್ಲಿ ಮೂರು ಸರಿಯಾಗಿವೆ, ಒಂದು ಅಂಚಿನಲ್ಲಿದೆ, ಒಳ್ಳೆಯ ಕೊಲೆಸ್ಟ್ರಾಲ್ ಮಾತ್ರ ಏಳುತ್ತಿಲ್ಲ. ಅದು ಸೋಮಾರಿ, ನನ್ನದೇ ಅಲ್ಲವೇ. ಇಷ್ಟಾದರೆ ಸಾಕು ಎಂದರು ಡಾಕ್ಟರು. ಆಪರೇಷನ್ ಆದ ಮೇಲೂ ಇದೇ ಬಟ್ಟಲು, ಇದೇ ನಡಿಗೆ, ಇಲ್ಲದಿದ್ದರೆ ಮತ್ತೆ ಬೆಳೆಯುವ ಲಿವರಿಗೂ ಅದೇ ಗತಿ ಎಂದೂ ಎಚ್ಚರಿಸಿದರು.

ಆಮೇಲೆ ಕೊಡುವವರ ಪರದ ಡಾಕ್ಟರು ಒಬ್ಬನನ್ನೇ ಒಳಗೆ ಕರೆದು ಬಾಗಿಲು ಹಾಕಿದರು. ಮತ್ತೆ ಅದೇ ಮಾತು ಹೇಳಿದರು: ಬೇಡ ಅನ್ನಬಹುದು, ಯಾರಿಗೂ ಹೇಳುವುದಿಲ್ಲ, ಮೂರು ದಿನ ಯೋಚಿಸಿ. ಈ ಕ್ಷಣಕ್ಕೆಂದು ನಾನೊಂದು ಒಳ್ಳೆಯ ಮಾತು ತಯಾರು ಮಾಡಿಕೊಂಡಿದ್ದೆ. ಅಕ್ಕ, ತಮ್ಮ, ರಕ್ತ, ಋಣ ಎಲ್ಲ ಬರುತ್ತಿತ್ತು. ಹೇಳಹೊರಟರೆ ಬಾಯಿಂದ ಬಂದದ್ದೇ ಬೇರೆ.

"ಭಯ ಆಗುತ್ತೆ ಸಾರ್," ಎಂದೆ. "ಆದ್ರೂ ಹೂಂ."

ಅಷ್ಟೇ ಹೇಳಿದ್ದು. ಡಾಕ್ಟರು ಇನ್ನೂ ಏನೋ ಬರುತ್ತದೆ ಎಂದು ಕಾಯುತ್ತಿದ್ದರು, ಪಾಪ, ನನ್ನ ಖ್ಯಾತಿ ಅವರವರೆಗೂ ಹೋಗಿದೆ. ಮೂರು ದಿನ ಯೋಚಿಸಲೇಬೇಕು ಎಂದರು. ಸರಿ ಎಂದು ಬಂದೆ. ಅಂಗಡಿಯಲ್ಲಿ ಬಾಕಿ ಇರುವ ಪ್ಯಾಂಟುಗಳ ಬಗ್ಗೆ ಯೋಚಿಸುತ್ತಿದ್ದೇನೆ.

ಹೆಂಡತಿಗೆ ಹೇಳಿದಾಗ ಅವಳು ಒಲೆಯ ಕಡೆ ತಿರುಗಿ ನಿಂತಳು, ಬಹಳ ಹೊತ್ತು. ಆಮೇಲೆ ನಡೆಯಲು ಹೋದೆವು. ಇವತ್ತು ಅವಳೇ ನಿಧಾನ ನಡೆದಳು.

ಸೆಪ್ಟೆಂಬರ್ 3, ಬುಧವಾರ

ಆಸ್ಪತ್ರೆಯಲ್ಲಿದ್ದೇನೆ. ನಾಳೆ ಬೆಳಿಗ್ಗೆ. ಇವತ್ತು ತಿಂದದ್ದು: ಮಧ್ಯಾಹ್ನ ಗಂಜಿ, ಈಗ ನೀರು. ಪಥ್ಯದ ಮೇಡಂ ಕೇಳಿದರೆ ಹೆಮ್ಮೆಪಡುತ್ತಾರೆ.

ಹಿಂದುಗಡೆ ಬಟನ್ನೇ ಇಲ್ಲದ, ಎರಡು ಲಾಡಿಯ ಅಂಗಿ ಹಾಕಿಸಿದ್ದಾರೆ. ಎಂಥ ಕಟಿಂಗ್ ಅಂತೀರಿ. ಹೆಗಲು ಇಲ್ಲ, ತೋಳು ಇಲ್ಲ, ಹಿಂದೆ ಪೂರ್ತಿ ಗಾಳಿ. ಇದನ್ನು ಹೊಲಿದವನು ಗಿರಾಕಿಯ ಮುಖ ನೋಡಿದವನೇ ಅಲ್ಲ. ಹೊಟ್ಟೆಯ ಮೇಲೆ ಡಾಕ್ಟರು ಪೆನ್ನಿನಲ್ಲಿ ಗೆರೆ ಎಳೆದು ಹೋದರು. ಗೆರೆ ನೇರವಾಗಿದೆ, ಅದನ್ನಾದರೂ ಒಪ್ಪಿಕೊಳ್ಳಬೇಕು. ಹೆಂಡತಿ ಭಾವನ ಜೊತೆ ಏನೋ ಸಹಿ ಹಾಕಲು ಕೆಳಗೆ ಹೋಗಿದ್ದಾಳೆ. ಅಕ್ಕ ಪಕ್ಕದ ಕೋಣೆಯಲ್ಲಿದ್ದಾಳೆ, ನಡುವಿನ ಬಾಗಿಲು ತೆರೆದೇ ಇದೆ. ನನ್ನ ಮಾತು ಅವಳಿಗೆ ಕೇಳಿಸುತ್ತಿರಬಹುದು, ಆದ್ದರಿಂದ ಮೆಲ್ಲಗೆ…

ಅವಳು ಕರೆಯುತ್ತಿದ್ದಾಳೆ.

"ಗುಂಡ."

"ಏನಕ್ಕ?"

"ಬಾರೋ ಇಲ್ಲಿ. ಭಯ ಆಗ್ತಿದೆ."

"ನನಗೂ ಆಗ್ತಿದೆ ಅಕ್ಕ. ತಡಿ, ಇದನ್ನ ಆಫ್ ಮಾಡಿ ಬಂದೆ."